ಎಕ್ಸ್ ಟರ್ಮಿನಲ್: ತುಂಬಾ ವರ್ಷ ಬಳಸಿದ ಮೇಲೆ ಹೇಳುವುದು, ಮೊದಲು ಫಾಂಟ್ ನೋಡಿ

90ರ ದಶಕದಲ್ಲಿ ನಮ್ಮ ಲ್ಯಾಬಿನ ಮೇಜುಗಳ ಮೇಲೆಲ್ಲ ಎಕ್ಸ್ ಟರ್ಮಿನಲ್‌ಗಳೇ ಇದ್ದವು. ಎಕ್ಸ್ ಎಂದರೆ ಯುನಿಕ್ಸ್‌ನಂಥ ಮಷೀನುಗಳ ಕಿಟಕಿ ವ್ಯವಸ್ಥೆ, ನೆಟ್‌ವರ್ಕ್ ಮೂಲಕ ಅದನ್ನು ತೋರಿಸುವುದಷ್ಟೇ ಈ ಟರ್ಮಿನಲ್ ಕೆಲಸ. ಡಿಸ್ಕ್ ಇಲ್ಲ. ಆನ್ ಮಾಡಿದರೆ ಬೂಟ್‌ಪಿ ಎಂಬ ವಿಧಾನದಲ್ಲಿ ನೆಟ್‌ವರ್ಕ್ ವಿಳಾಸ ಕೇಳಿ, ಟಿಎಫ್‌ಟಿಪಿ ಎಂಬ ಫೈಲ್ ಕಳಿಸುವ ವಿಧಾನದಲ್ಲಿ ತನ್ನ ಸಾಫ್ಟ್‌ವೇರ್ ಎಳೆದುಕೊಂಡು ಲಾಗಿನ್ ತೋರಿಸುತ್ತದೆ. ಪ್ರೋಗ್ರಾಂ ಓಡುವುದು ಬೇರೆ ಮಷೀನಿನಲ್ಲಿ. ಇಲ್ಲಿ ಪರದೆ, ಕೀಬೋರ್ಡ್, ಮೌಸ್ ಅಷ್ಟೇ. ಹಳೆಯದನ್ನು ಈಗ ಕೊಳ್ಳುವವರೂ ಇದ್ದಾರೆ, ಅವರಿಗಾಗಿ ಇದು.

ನಮ್ಮಲ್ಲಿ ಆಗಲೇ ಇದ್ದದ್ದು ಸನ್ ಕಂಪನಿಯ ಯುನಿಕ್ಸ್ ಮಷೀನುಗಳಾದ ಸ್ಪಾರ್ಕ್‌ಸ್ಟೇಷನ್‌ಗಳು ಮತ್ತು ವಿಎಂಎಸ್ ಆಪರೇಟಿಂಗ್ ಸಿಸ್ಟಂ ಇರುವ, ಡೆಕ್ ಕಂಪನಿಯ ವ್ಯಾಕ್ಸ್. ಆಮೇಲೆ ಲಿನಕ್ಸ್ ಪಿಸಿ ಬಂದವು. ಒಂದು ಸಂಖ್ಯೆಯ ಬೈಟ್‌ಗಳನ್ನು ವ್ಯಾಕ್ಸ್ ಮತ್ತು ಸ್ಪಾರ್ಕ್ ಜೋಡಿಸುವ ಕ್ರಮವೇ ಒಂದಕ್ಕೊಂದು ಉಲ್ಟಾ. ಆದರೆ ಪ್ರೋಗ್ರಾಂ ಸಂಪರ್ಕಕ್ಕೆ ಬಂದಾಗ ಕಳಿಸುವ ಮೊದಲ ಬೈಟೇ ತನ್ನ ಕ್ರಮ ಯಾವುದೆಂದು ಹೇಳಿಬಿಡುತ್ತದೆ, ಮಿಕ್ಕಿದ್ದನ್ನು ಟರ್ಮಿನಲ್ ನೋಡಿಕೊಳ್ಳುತ್ತದೆ. 1987ರ ಎಕ್ಸ್11ರಲ್ಲೇ (ಎಕ್ಸ್‌ನ 11ನೇ ಆವೃತ್ತಿ) ಇದನ್ನು ಯೋಚಿಸಿದ್ದರು, ನನಗೆ ಈಗಲೂ ಅವರ ಮೇಲೆ ಗೌರವ. ವ್ಯಾಕ್ಸ್‌ಗೆ ಮಾತ್ರ ನೆಟ್‌ವರ್ಕಿಗೆ ಬೇಕಾದ ಟಿಸಿಪಿ/ಐಪಿ ಸಾಫ್ಟ್‌ವೇರ್ ಬೇರೆ ಹಾಕಬೇಕಾಯಿತು.

ಕಷ್ಟ ಎಲ್ಲ ಫಾಂಟಿನದು. ಅಕ್ಷರ ಬರೆಯುವುದು ಟರ್ಮಿನಲ್, ಆದ್ದರಿಂದ ಪ್ರೋಗ್ರಾಂ ಕೇಳಿದ ಫಾಂಟ್ ಟರ್ಮಿನಲ್‌ಗೆ ಸಿಗಬೇಕು. ಸನ್‌ನ ಓಪನ್ ಲುಕ್ ಎಂಬ ಕಿಟಕಿ-ಬಟನ್ ಶೈಲಿಯ ಪ್ರೋಗ್ರಾಂಗಳಿಗೆ ಬಟನ್ನಿನ ಅಂಚು, ಸ್ಕ್ರೋಲ್‌ಬಾರಿನ ಚೂರು ಎಲ್ಲವೂ ಒಂದು ಫಾಂಟಿನಲ್ಲೇ ಇರುತ್ತವೆ. ಅದಿಲ್ಲದಿದ್ದರೆ ಕೆಲವು ಶುರುವೇ ಆಗುತ್ತಿರಲಿಲ್ಲ. ವ್ಯಾಕ್ಸ್‌ನ ಕಿಟಕಿ ವ್ಯವಸ್ಥೆ ಡೆಕ್‌ವಿಂಡೋಸ್ ತನ್ನದೇ ಕರ್ಸರ್ (ಮೌಸ್ ಗುರುತಿನ) ಫಾಂಟ್ ಕೇಳುತ್ತದೆ. ಹಾಗಾಗಿ ಆ ಮಷೀನುಗಳಿಂದ ಬಿಡಿಎಫ್ ಎಂಬ ಫಾಂಟ್ ಫೈಲ್ ತಂದು, ಟರ್ಮಿನಲ್‌ಗೆ ಬೇಕಾದ ರೂಪಕ್ಕೆ ಬದಲಾಯಿಸಿ, ಟಿಎಫ್‌ಟಿಪಿ ಡೈರೆಕ್ಟರಿಯಲ್ಲಿಟ್ಟು, ಸಿಗದ ಹೆಸರುಗಳಿಗೆಲ್ಲ ಅಲಿಯಾಸ್ (ಬದಲಿ ಹೆಸರು) ಬರೆದು ಕೂತಿದ್ದೇವೆ. 1991ರ ಆರ್5ರಲ್ಲಿ (ಎಕ್ಸ್11ರ ಐದನೇ ಬಿಡುಗಡೆ) ಎಲ್ಲ ಟರ್ಮಿನಲ್‌ಗೂ ಫಾಂಟ್ ಹಂಚುವ ಫಾಂಟ್ ಸರ್ವರ್ ಬಂದ ಮೇಲೆ ಒಂದೇ ಕಡೆ ಇಟ್ಟರೆ ಸಾಕಾಯಿತು. ನಿಮ್ಮ ಟರ್ಮಿನಲ್ ಸಾಫ್ಟ್‌ವೇರ್ ಅದಕ್ಕಿಂತ ಹಳೆಯದಾಗಿದ್ದರೆ ಸುಮ್ನೆ ಮುಂದೆ ಹೋಗಿ, ಬೇರೆ ಹುಡುಕಿ.

ಬಣ್ಣ: 8 ಬಿಟ್ ಅಂದರೆ 256 ಬಣ್ಣ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಒಂದು ಪ್ರೋಗ್ರಾಂ ತನ್ನದೇ ಕಲರ್‌ಮ್ಯಾಪ್ (ಬಣ್ಣಗಳ ಪಟ್ಟಿ) ಹಾಕಿಕೊಂಡರೆ ಪಕ್ಕದ ಕಿಟಕಿಗಳ ಬಣ್ಣ ಕೆಡುತ್ತದೆ. ಮೆಮೊರಿ 4 ಎಂಬಿ ಸಾಲದು. ದೊಡ್ಡ ಚಿತ್ರಗಳು ಟರ್ಮಿನಲ್ ಮೆಮೊರಿಯಲ್ಲೇ ಕೂರುತ್ತವೆ, ತುಂಬಿದರೆ ಪ್ರೋಗ್ರಾಂ ಸಾಯುತ್ತದೆ, ಜೊತೆಗೆ ನಿಮ್ಮ ಕೆಲಸವೂ ಹೋಗುತ್ತದೆ. ಸನ್‌ನ ಹಳೆಯ ಕಿಟಕಿ ವ್ಯವಸ್ಥೆ ಸನ್‌ವ್ಯೂನ ಪ್ರೋಗ್ರಾಂ ಬರುವುದೇ ಇಲ್ಲ, ಅದು ಎಕ್ಸ್ ಅಲ್ವಾ. ಸಿಲಿಕಾನ್ ಗ್ರಾಫಿಕ್ಸ್‌ನ ಐರಿಸ್ ಜಿಎಲ್ ಎಂಬ 3ಡಿ ಗ್ರಾಫಿಕ್ಸ್ ಲೈಬ್ರರಿಯ ಕಥೆಯೂ ಅದೇ.

ಮಾರುವವರು ಗಡಿಯಾರದ ಪ್ರೋಗ್ರಾಂ ತೋರಿಸುತ್ತಾರೆ, ಮೌಸ್ ಕಡೆ ತಿರುಗುವ ಕಣ್ಣಿನ ಪ್ರೋಗ್ರಾಂ ತೋರಿಸುತ್ತಾರೆ. ಅವು ಎಲ್ಲೂ ಓಡುತ್ತವೆ. ನಿಮ್ಮ ಪ್ರತಿ ಮಷೀನಿನಿಂದ ನೀವು ದಿನಾ ಬಳಸುವ ಅತಿ ಭಾರದ ಪ್ರೋಗ್ರಾಂ ತೆರೆದು, ನಾಲ್ಕೈದು ಕಿಟಕಿ ಒಟ್ಟಿಗೆ ಇಟ್ಟು ಅರ್ಧ ದಿನ ಬಿಡಿ.

ಈಗಿನ ಲಿನಕ್ಸ್‌ಗೆ ಜೋಡಿಸುವವರಿಗೆ: ಎಕ್ಸ್‌ಡಿಎಂಸಿಪಿ (ಟರ್ಮಿನಲ್‌ಗೆ ಲಾಗಿನ್ ಕೊಡುವ ವಿಧಾನ) ಸಾಮಾನ್ಯವಾಗಿ ಆಫ್ ಆಗಿರುತ್ತದೆ, ನೀವೇ ಆನ್ ಮಾಡಬೇಕು. ಯಾವುದಕ್ಕೂ ಎನ್‌ಕ್ರಿಪ್ಶನ್ ಇಲ್ಲ, ಪಾಸ್‌ವರ್ಡ್ ಕೂಡ ತಂತಿಯಲ್ಲಿ ಹಾಗೇ ಹೋಗುತ್ತದೆ, ಟರ್ಮಿನಲನ್ನು ಮನೆಯಲ್ಲೇ ಪ್ರತ್ಯೇಕ ನೆಟ್‌ವರ್ಕಿನಲ್ಲಿ ಇಡಿ. ಎಕ್ಸ್‌ಟರ್ಮ್ (ಕಮಾಂಡ್ ಕೊಡುವ ಕಿಟಕಿ), ಹಳೆಯ ಮೋಟಿಫ್ ಶೈಲಿಯ ಪ್ರೋಗ್ರಾಂಗಳು ಚೆನ್ನಾಗಿ ನಡೆಯುತ್ತವೆ. ಈಗಿನ ಬ್ರೌಸರಿನ ಆಸೆ ಬೇಡ.