ಹಳೇ ಟಿವಿ, ಲ್ಯಾಪ್‌ಟಾಪ್ ಮನೆಗೇ ಬಂದು ಒಯ್ಯುವವರ ಬಗ್ಗೆ ಮೈಸೂರಿನವರು ಹುಷಾರಾಗಿರಿ

ದೀಪಾವಳಿಗೆ ಅಂತ ಮನೆ ಕ್ಲೀನ್ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ಬೇಕಾದರೆ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಇ-ತ್ಯಾಜ್ಯ ಪೋಸ್ಟರಿನ ನಂಬರಿಗೆ ಫೋನ್ ಮಾಡಿ (ಇ-ತ್ಯಾಜ್ಯ ಅಂದರೆ ಹಳೇ ಎಲೆಕ್ಟ್ರಾನಿಕ್ ಸಾಮಾನಿನ ಕಸ). ನಾನು ಯಾರನ್ನೂ ಕೇಳದೆ ಮಾಡಿದೆ. ಲ್ಯಾಪ್‌ಟಾಪ್ ಹೋಯಿತು, ಅದರೊಳಗೆ ಇದ್ದದ್ದೆಲ್ಲ ಹೋಯಿತು, ಮೇಲೆ ನಾನೇ 340 ರೂಪಾಯಿ ಕೊಟ್ಟು ಕಳಿಸಿದೆ. ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರು ಇನ್ನೂ ಊರಲ್ಲಿ ಓಡಾಡುತ್ತಿದ್ದಾರೆ.

ನಮ್ಮ ಮನೆ ಕುವೆಂಪುನಗರದಲ್ಲಿ, ಮೊದಲನೇ ಮಹಡಿ. ನವರಾತ್ರಿಗೆ ಗೊಂಬೆ ಕೂರಿಸುವ ರೂಮಿನ ತುಂಬಾ ಹಳೇ ಸಾಮಾನು ತುಂಬಿತ್ತು. 21 ಇಂಚಿನ ಡಬ್ಬಾ ಟಿವಿ, ಕೆಟ್ಟುಹೋದ ಸಿಂಗಲ್ ಡೋರ್ ಫ್ರಿಜ್, ಯುಪಿಎಸ್‌ನ ಹಳೇ ಬ್ಯಾಟರಿ, ಸೆಟ್‌ಟಾಪ್ ಬಾಕ್ಸು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಒಂದು ರಾಶಿ ವೈರು, ಎರಡು ಮೊಬೈಲು. ಜೊತೆಗೆ ಒಂದು ಲ್ಯಾಪ್‌ಟಾಪ್. ಹಿಂಜ್ ಮುರಿದಿತ್ತು, ಆದರೆ ಚಾರ್ಜರ್ ಹಾಕಿದರೆ ಆನ್ ಆಗುತ್ತಿತ್ತು. ಮಹಾಲಯ ಅಮಾವಾಸ್ಯೆಗೆ ನಾಲ್ಕೇ ದಿನ ಇತ್ತು. ಮೆಟ್ಟಿಲು ಜೋಡಿಸಬೇಕು, ಪಟ್ಟದ ಗೊಂಬೆಗೆ ಸೀರೆ ಉಡಿಸಬೇಕು, ರೂಮೇ ಖಾಲಿ ಇಲ್ಲ.

ಪ್ರತಿ ಭಾನುವಾರ ನಮ್ಮ ರಸ್ತೆಗೆ ತಳ್ಳುಗಾಡಿಯಲ್ಲಿ ಒಬ್ಬರು ಗುಜರಿಯವರು ಬರುತ್ತಾರೆ. ಎಷ್ಟೋ ವರ್ಷದಿಂದ ಪೇಪರು, ಬಾಟ್ಲಿ ಹಾಕುವುದು ಅವರಿಗೇ. ಅವರು ಟಿವಿ ನೋಡಿ ಕೇಳಿದರು. ನಾನು ಕೊಡಲಿಲ್ಲ. ಮಗಳು ಒಂಬತ್ತನೇ ಕ್ಲಾಸು, ಸ್ಕೂಲಲ್ಲಿ ಇ-ತ್ಯಾಜ್ಯದ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. ವೈರು ಸುಟ್ಟು ತಾಮ್ರ ತೆಗೆಯುತ್ತಾರೆ, ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುತ್ತಾರೆ, ಹಳೇ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲೇ ಸೀಸ ಅನ್ನುವ ವಿಷದ ಲೋಹ ಇರುತ್ತೆ ಅಂತೆಲ್ಲ ಮನೆಯಲ್ಲಿ ಹೇಳುತ್ತಿದ್ದಳು. ಗುಜರಿಗೆ ಹಾಕುವುದು ಬೇಡ ಅಮ್ಮ, ಸರಿಯಾದ ಕಡೆ ಕೊಡೋಣ ಅಂದಳು. ನನಗೂ ಹಾಗೇ ಅನ್ನಿಸಿತು. ಗುಜರಿಯವರು ಬೇಜಾರು ಮಾಡಿಕೊಳ್ಳಲಿಲ್ಲ. "ಆಯ್ತಮ್ಮ. ಬ್ಯಾಟರಿ ಮಾತ್ರ ನೋಡ್ಕೊಂಡು ಕೊಡಿ, ಅದಕ್ಕೆ ಒಳ್ಳೆ ರೇಟಿದೆ" ಅಂದು ಹೋದರು. ಆ ಮಾತು ಈಗ ದಿನಾ ನೆನಪಾಗುತ್ತದೆ.

ಅದೇ ವಾರ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂತು. ಮೇಲೆ ಅರಮನೆ ಚಿತ್ರ, ಕೆಳಗೆ ಸ್ವಚ್ಛ ಮೈಸೂರು ಅಂತ ಬರಹ, ನಗರದ ಇ-ತ್ಯಾಜ್ಯ ಸಂಗ್ರಹ ಸೇವೆ, ಮನೆ ಬಾಗಿಲಿಗೇ ಬರುತ್ತೇವೆ, ಉಚಿತ, ತೂಕಕ್ಕೆ ತಕ್ಕ ಹಣ, ಮರುಬಳಕೆ ಸರ್ಟಿಫಿಕೇಟ್. ನೋಡಿದರೆ ಯಾರಿಗಾದರೂ ಪಾಲಿಕೆಯದ್ದು ಅಂತಲೇ ಅನ್ನಿಸಬೇಕು, ಹಾಗಿತ್ತು. ಪಾಲಿಕೆಯ ಹೆಸರು ಎಲ್ಲೂ ಇರಲಿಲ್ಲ. ಅದನ್ನು ನಾನು ಗಮನಿಸಿದ್ದು ಎಲ್ಲ ಮುಗಿದ ಮೇಲೆ. ಫೋನ್ ಮಾಡಿ "ನೀವು ಕಾರ್ಪೊರೇಷನ್ನವರಾ?" ಅಂತ ಕೇಳಿದ್ದೆ. "ಟೈ-ಅಪ್ ಇದೆ ಮೇಡಂ" ಅಂದರು. ಯಾರ ಜೊತೆ ಅಂತ ನಾನು ಕೇಳಲಿಲ್ಲ. ಬ್ಯಾಟರಿ ಕೆಜಿಗೆ 70, ಉಳಿದದ್ದು ಬಂದು ನೋಡಿ ಹೇಳುತ್ತೇವೆ ಅಂದರು.

ಗುರುವಾರ ಬೆಳಗ್ಗೆ 11 ಗಂಟೆಗೆ ಬಂದರು. ನಮ್ಮ ಮನೆಯವರು ಹೆಬ್ಬಾಳದ ಫ್ಯಾಕ್ಟರಿಗೆ ಹೋಗಿದ್ದರು, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಬಿಳಿ ಟಾಟಾ ಏಸ್. ಇಬ್ಬರು ಹುಡುಗರು, ಜೊತೆಗೆ ಸುಮಾರು ನಲವತ್ತು ವರ್ಷದ ಒಬ್ಬ. ಎಲ್ಲರಿಗೂ ಬೂದು ಟೀಶರ್ಟು, ಕೊರಳಲ್ಲಿ ಹಸಿರು ಪಟ್ಟಿಯ ಕಾರ್ಡು. ತುಂಬಾ ಮರ್ಯಾದೆಯಿಂದ ಮಾತಾಡಿದರು. ಚಪ್ಪಲಿ ಹೊರಗೆ ಬಿಟ್ಟು ಬಂದರು, ಅತ್ತೆಗೆ ಕೈ ಮುಗಿದರು. ಅತ್ತೆ ಮಾತ್ರ ಒಳಗಿಂದ "ಮೊದ್ಲು ರಸೀದಿ ಇಸ್ಕೊಳ್ಳಮ್ಮ" ಅಂದರು. ಆತ ನಗುತ್ತಾ "ಎಲ್ಲಾ ಆನ್‌ಲೈನ್ ಅಮ್ಮ, ಮೇಲ್‌ಗೆ ಬರುತ್ತೆ" ಅಂದ.

ಸಾಮಾನೆಲ್ಲ ಮೊದಲು ಕೆಳಗೆ ಇಳಿಸಿದರು. ಇದನ್ನು ಗಮನಿಸಿ. ಮೊದಲು ಇಳಿಸಿ, ಗಾಡಿಗೆ ಹೇರಿ, ಆಮೇಲೆ ಲೆಕ್ಕ. ಬ್ಯಾಟರಿ ಒಂದನ್ನೇ ಕೊಕ್ಕೆ ತಕ್ಕಡಿಗೆ ನೇತುಹಾಕಿ ನನ್ನ ಮುಂದೆ ತೂಗಿದರು. 31 ಕೆಜಿ ಅಂದರು. ಅದನ್ನು ಮೆಟ್ಟಿಲು ಇಳಿಸುವಾಗ ಇಬ್ಬರು ಹುಡುಗರೂ ಏದುಸಿರು ಬಿಡುತ್ತಿದ್ದರು. ಕಮ್ಮಿ ಬಂತಲ್ವಾ ಅಂದೆ. "ಆಸಿಡ್ ಒಣಗಿದೆ ಮೇಡಂ" ಅಂದ. ರಾತ್ರಿ ಬ್ಯಾಟರಿಯ ವಾರಂಟಿ ಪುಸ್ತಕ ತೆಗೆದು ನೋಡಿದರೆ, ಆಸಿಡ್ ಸೇರಿ 55 ಕೆಜಿ ಅಂತ ಅಚ್ಚಾಗಿದೆ. ಸ್ವಲ್ಪ ಒಣಗಿರಬಹುದು. 24 ಕೆಜಿ ಒಣಗುತ್ತಾ?

ಆಮೇಲೆ ಲ್ಯಾಪ್‌ಟಾಪ್. ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. "ಆನ್ ಆಗುತ್ತೆ ಅಂದ್ರೆ ರೇಟ್ ಜಾಸ್ತಿ ಹಾಕ್ತೀನಿ, ಚೆಕ್ ಮಾಡ್ಬೇಕು. ಪಾಸ್‌ವರ್ಡ್ ಹೇಳಿ ಮೇಡಂ" ಅಂದ. ನಾನು ಹೇಳಿದೆ. ನಿಂತ ಕಾಲಲ್ಲಿ ಹೇಳಿಬಿಟ್ಟೆ. ಒಬ್ಬ ಹುಡುಗ ಅದನ್ನು ತನ್ನ ಮೊಬೈಲಿನಲ್ಲಿ ಬರೆದುಕೊಂಡ. ಬರೆದುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಆಗಲೂ ಏನೂ ಅನ್ನಿಸಲಿಲ್ಲ.

"ಒಳಗೆ ನಮ್ಮ ಫೋಟೋ, ಕಾಗದಪತ್ರ ಇತ್ತು, ಡಿಲೀಟ್ ಮಾಡಿದ್ದೀನಿ" ಅಂದೆ. "ತೊಂದ್ರೆ ಇಲ್ಲ ಮೇಡಂ, ನಮ್ಮಲ್ಲಿ ಹಾರ್ಡ್ ಡಿಸ್ಕ್ ಪೂರ್ತಿ ಪುಡಿ ಮಾಡ್ತೀವಿ" ಅಂದ.

ಇನ್ನು ಲೆಕ್ಕ. ಬ್ಯಾಟರಿ 31 ಕೆಜಿಗೆ 2170. ಲ್ಯಾಪ್‌ಟಾಪ್ 300. ಎರಡು ಮೊಬೈಲಿಗೆ 100. ಚಿಲ್ಲರೆ ಸಾಮಾನು 6 ಕೆಜಿಗೆ 90. ಒಟ್ಟು 2660. ನಾನು ಖುಷಿಯಾಗಿದ್ದೆ. ಆಮೇಲೆ ಕಳೆಯುವುದಕ್ಕೆ ಶುರುಮಾಡಿದ. ಟಿವಿ ಪಿಕ್ಚರ್ ಟ್ಯೂಬ್ ವಿಲೇವಾರಿಗೆ 900. ಫ್ರಿಜ್ ಗ್ಯಾಸ್ ತೆಗೆಯಲು 800. ಗಾಡಿ ಬಾಡಿಗೆ 700. ಮಹಡಿಯಿಂದ ಇಳಿಸಿದ ಕೂಲಿ 600. ಒಟ್ಟು 3000. "340 ನೀವೇ ಕೊಡ್ಬೇಕು ಮೇಡಂ."

ಉಚಿತ ಅಂತ ಹಾಕಿದ್ದಿರಲ್ಲ ಅಂದೆ. "ಬರೋದು ಉಚಿತ ಮೇಡಂ, ವಿಲೇವಾರಿ ಉಚಿತ ಅಲ್ಲ. ಟಿವಿ ಟ್ಯೂಬಲ್ಲಿ ಸೀಸ ಇರುತ್ತೆ, ಅದನ್ನ ಹಂಗೇ ಎಸೆಯಕ್ಕಾಗುತ್ತಾ? ನೀವು ಓದ್ದೋರು, ನಿಮಗೆ ಗೊತ್ತಿರುತ್ತಲ್ಲ." ಅಷ್ಟು ಹೇಳಿದ ಮೇಲೆ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸೀಸದ ವಿಷಯ ನನ್ನ ಮಗಳೇ ಹೇಳಿದ್ದು. ಹಾಗಾದರೆ ಬೇಡ, ಇಳಿಸಿ ಅಂದೆ. "ವಾಪಸ್ ಮಹಡಿ ಹತ್ತಿಸೋಕೆ 600 ಆಗುತ್ತೆ" ಅಂದ. ಪಕ್ಕದ ಮನೆಯವರು ಬಾಲ್ಕನಿಯಿಂದ ನೋಡುತ್ತಿದ್ದರು. ಸ್ಕ್ಯಾನ್ ಮಾಡಿ 340 ಹಾಕಿದೆ. ಗಾಡಿ ಹೋಯಿತು.

ಎರಡು ದಿನ ಕಾದರೂ ಮೇಲ್ ಬರಲಿಲ್ಲ. ಕೇಳಿದರೆ "ಪ್ರೋಸೆಸ್‌ನಲ್ಲಿದೆ ಮೇಡಂ". ಮತ್ತೆರಡು ದಿನ ಬಿಟ್ಟು ಕೇಳಿದೆ. "ಹಬ್ಬ ಅಲ್ವಾ ಮೇಡಂ, ಪ್ರೋಸೆಸ್‌ನಲ್ಲಿದೆ". ಆಗಲೂ ನನಗೆ ಅನುಮಾನ ಬರಲಿಲ್ಲ. 340 ಹೋಯಿತು, ಹೋಗಲಿ, ಸಾಮಾನು ಸರಿಯಾದ ಕಡೆ ಸೇರಿತು ಅಂತ ಸಮಾಧಾನ ಮಾಡಿಕೊಂಡಿದ್ದೆ. ಬೊಂಬೆ ನೋಡಲು ಬಂದವರಿಗೂ ಅದನ್ನೇ ಹೇಳಿದೆ. ಇಬ್ಬರು ನಂಬರ್ ಕೇಳಿದರು, ಕೊಟ್ಟೆ. ಅವರ ಕ್ಷಮೆ ಕೇಳುತ್ತೇನೆ.

ಆಯುಧಪೂಜೆ ದಿನ ಬೆಳಗ್ಗೆ ನಾನು ಮತ್ತು ಮಗಳು ಲಿಂಗಾಂಬುಧಿ ಕೆರೆ ಕಡೆ ವಾಕಿಂಗ್ ಹೊರಟಿದ್ದೆವು. ದಾರಿಯಲ್ಲಿ ಒಂದು ಖಾಲಿ ಸೈಟು, ಪಕ್ಕದಲ್ಲಿ ಮೋರಿ. ಮಗಳು ತಟ್ಟನೆ ನಿಂತಳು. "ಅಮ್ಮ, ನಮ್ಮ ಟಿವಿ."

ಟಿವಿಯ ಹಿಂದಿನ ಕಪ್ಪು ಕವರು ಬೋರಲು ಬಿದ್ದಿತ್ತು. ಅದರ ಮೇಲೆ ಅವಳು ಮೂರು ವರ್ಷದವಳಿದ್ದಾಗ ಅಂಟಿಸಿದ್ದ ಚಿಟ್ಟೆ ಸ್ಟಿಕರುಗಳು. ನೀಲಿ ಚಿಟ್ಟೆಗೆ ಒಂದು ರೆಕ್ಕೆ ಹರಿದುಹೋಗಿತ್ತು, ಅದೂ ಹಾಗೇ ಇತ್ತು. ಪಕ್ಕದಲ್ಲಿ ಪಿಕ್ಚರ್ ಟ್ಯೂಬು. ಹಿಂದಿನ ಕತ್ತು ಮುರಿದು, ಅದರ ಸುತ್ತ ಇರುವ ತಾಮ್ರದ ಕಾಯಿಲ್ ಕಿತ್ತುಕೊಂಡಿದ್ದಾರೆ. ಗಾಜೆಲ್ಲ ಒಡೆದು ಮೋರಿಯವರೆಗೂ ಚೆಲ್ಲಿತ್ತು. ಹಿಂದಿನ ರಾತ್ರಿ ಮಳೆ ಬಂದಿತ್ತು. ಆ ಮೋರಿ ನೀರು ಕೆರೆ ಕಡೆಗೇ ಹರಿಯುತ್ತಿತ್ತು.

ನನಗೆ ಮೊದಲು ಸಿಟ್ಟೂ ಬರಲಿಲ್ಲ. ಸುಮ್ಮನೆ ನಿಂತುಬಿಟ್ಟೆ. "ಅದನ್ನ ಹಂಗೇ ಎಸೆಯಕ್ಕಾಗುತ್ತಾ" ಅಂದಿದ್ದನಲ್ಲ. ಅದಕ್ಕೇ 900 ರೂಪಾಯಿ ಹಿಡಿದುಕೊಂಡಿದ್ದನಲ್ಲ. ಮಗಳು ಒಂದು ಮಾತೂ ಆಡಲಿಲ್ಲ. ಸರಿಯಾದ ಕಡೆ ಕೊಡೋಣ ಅಂದವಳು ಅವಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಫೋಟೋ ತೆಗೆದು ಅವರಿಗೆ ಕಳಿಸಿದೆ. ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ. ಮೊದಲು "ಇದು ನಿಮ್ಮದಲ್ಲ ಮೇಡಂ". ಸ್ಟಿಕರ್ ಇದ್ದ ಹಳೇ ಫೋಟೋ ಕಳಿಸಿದೆ. "ನಮ್ಮ ಗೋಡೌನಿಂದ ಯಾರೋ ಕದ್ದಿರಬೇಕು". ಗೋಡೌನ್ ಎಲ್ಲಿದೆ ಹೇಳಿ, ಬರುತ್ತೇನೆ ಅಂದೆ. "ಪಬ್ಲಿಕ್‌ಗೆ ಬಿಡಲ್ಲ". ಲ್ಯಾಪ್‌ಟಾಪ್ ವಾಪಸ್ ಕೊಡಿ, ಹಾರ್ಡ್ ಡಿಸ್ಕ್ ಆದರೂ ಕೊಡಿ ಅಂದೆ. "ಅದು ಆವತ್ತೇ ಪುಡಿ ಮಾಡಿದೀವಿ ಮೇಡಂ, ಸೇಫ್ ಆಗಿದೆ, ಟೆನ್ಷನ್ ಮಾಡ್ಕೋಬೇಡಿ".

ಮೂರನೇ ದಿನ ಬೇರೆ ನಂಬರಿಂದ ಫೋನ್ ಬಂತು. ಹುಡುಗನ ದನಿ. "ಅಕ್ಕ, ನಿಮ್ಮ ಹಾರ್ಡ್ ಡಿಸ್ಕ್ ಇದೆ. 1500 ಹಾಕಿದ್ರೆ ತಂದ್ಕೊಡ್ತೀನಿ."

ಪುಡಿ ಮಾಡಿದ್ದು ಹೇಗೆ ಇದೆ? ಕೇಳಿದೆ. "ಅದೆಲ್ಲ ಬಿಡಿ ಅಕ್ಕ, ಬೇಕಾ ಬೇಡ್ವಾ?" ತಂದು ತೋರಿಸು, ಕೈಗೇ ಕೊಡುತ್ತೇನೆ ಅಂದೆ. "ಮೊದ್ಲು ಹಾಕಿ" ಅಂದ. ಆಮೇಲೆ ಒಂದು ಮಾತು ಹೇಳಿದ. "ತಾತನ ಫೋಟೋ ಎಲ್ಲ ಇದೆಯಲ್ಲ ಅಕ್ಕ, ಪಾಪ."

ಕೈಕಾಲು ತಣ್ಣಗಾಯಿತು. ತೆಗೆದು ನೋಡಿದ್ದಾರೆ. ನಮ್ಮ ಮಾವನವರ ಕೊನೇ ದಸರಾದ ಫೋಟೋಗಳು ಅವು, 2017ರದ್ದು. ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ ಅಂದುಕೊಂಡಿದ್ದೆ, ನೋಡಿದರೆ ಅರ್ಧ ಮಾತ್ರ ಹಾಕಿದ್ದೆ. ಫೋಟೋ ಜೊತೆಗೆ ಮಾವನವರ ಪಿಂಚಣಿ ಕಾಗದ, ನಮ್ಮೆಲ್ಲರ ಆಧಾರ್, ಪ್ಯಾನ್ ಸ್ಕ್ಯಾನು, ಮನೆ ಪತ್ರದ ಸ್ಕ್ಯಾನು. ಡಿಲೀಟ್ ಮಾಡಿದರೆ ಹೋಗುತ್ತೆ ಅಂದುಕೊಂಡಿದ್ದೆ. ಅಣ್ಣನ ಮಗ ಹೇಳಿದ, ಡಿಲೀಟ್ ಮಾಡಿದರೆ ಪಟ್ಟಿಯಿಂದ ಹೆಸರು ಹೋಗುತ್ತೆ ಅಷ್ಟೇ, ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೂ ಒಳಗೇ ಇರುತ್ತೆ, ತೆಗೆಯಬಹುದು. ನಮ್ಮಂಥ ಹಳೇ ಲ್ಯಾಪ್‌ಟಾಪಿನಲ್ಲಿ ಕೆಳಗಿನ ನಾಲ್ಕಾರು ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕ್ ಕೈಗೆ ಬರುತ್ತಂತೆ. ಹತ್ತು ನಿಮಿಷದ ಕೆಲಸ ಅತ್ತೆ ಅಂದ. ಹತ್ತು ನಿಮಿಷ.

ನಮ್ಮ ಮನೆಯವರು ಕೇಳಿದ್ದು ಒಂದೇ. ಪಾಸ್‌ವರ್ಡ್ ಯಾಕೆ ಹೇಳಿದೆ? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

1500 ಕೊಡಲಿಲ್ಲ. ಕೊಟ್ಟರೂ ಅದರ ನಕಲು ಇಟ್ಟುಕೊಂಡಿಲ್ಲ ಅಂತ ಯಾರು ಹೇಳುವವರು? ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಎಲ್ಲರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆವು. ಮೇಲ್, ಬ್ಯಾಂಕ್ ಎಲ್ಲದರ ಪಾಸ್‌ವರ್ಡ್ ಬದಲಾಯಿಸಿದೆವು. ಅವರು ಎರಡೂ ನಂಬರಿನಿಂದ ನನ್ನನ್ನು ಬ್ಲಾಕ್ ಮಾಡಿದ್ದಾರೆ. ನಮ್ಮ ರಸ್ತೆಗೆ ಬರುವ ಪೌರಕಾರ್ಮಿಕರ ಹತ್ತಿರ ಹೇಳಿಕೊಂಡೆ. ಆಕೆ "ಅಯ್ಯೋ ಅಕ್ಕ, ಒಂದ್ಮಾತು ನನ್ನ ಕೇಳಬಾರ್ದಿತ್ತಾ? ನಮ್ಮ ಗಾಡಿಯೋರು ಇಷ್ಟು ಕೊಡಿ ಅಂತ ಯಾವತ್ತಾದ್ರೂ ಸ್ಕ್ಯಾನ್ ಮಾಡ್ಸಿದಾರಾ?" ಅಂದರು. ದಿನಾ ಬೆಳಗ್ಗೆ ಮನೆ ಮುಂದೆ ಬರುವವರು. ಕೇಳಬಹುದಿತ್ತು.

ಈಗ ಎಲ್ಲ ಓದಿ ತಿಳಿದುಕೊಂಡಿದ್ದೇನೆ. ಇ-ತ್ಯಾಜ್ಯಕ್ಕೆ 2022ರ ನಿಯಮ ಇದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮರುಬಳಕೆ ಮಾಡುವ ಘಟಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು. ಆದ್ದರಿಂದ ಯಾರಾದರೂ ಮನೆಗೆ ಬಂದರೆ, ಸಾಮಾನು ಯಾವ ಘಟಕಕ್ಕೆ ಹೋಗುತ್ತೆ, ಅದರ ನೋಂದಣಿ ನಂಬರ್ ಏನು ಅಂತ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಕೊರಳಲ್ಲಿ ಕಾರ್ಡು ಯಾರು ಬೇಕಾದರೂ ನೇತುಹಾಕಿಕೊಳ್ಳಬಹುದು. ಲೆಕ್ಕ ಮುಗಿಯುವವರೆಗೂ ಒಂದು ವೈರೂ ಮೆಟ್ಟಿಲು ಇಳಿಯಬಾರದು. ಬ್ಯಾಟರಿಯನ್ನು ಇಂಥವರಿಗೆ ಕೊಡಲೇಬೇಡಿ, ಹೊಸದು ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆ ಇಳಿಸುತ್ತಾರೆ. ನಾವು ಹೊಸ ಬ್ಯಾಟರಿ ತಂದಾಗ ಹೊತ್ತುಕೊಂಡು ಹೋಗುವ ಸೋಮಾರಿತನಕ್ಕೆ ಅದನ್ನು ಮನೆಯಲ್ಲೇ ಇಟ್ಟಿದ್ದೆವು. ಟಿವಿ, ಫ್ರಿಜ್ ಆದರೆ ಆಯಾ ಕಂಪನಿಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇದೆಯಾ ಅಂತ ಕೇಳಿ. ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಯಾರಿಗೂ.

ನಮ್ಮ ಫ್ರಿಜ್ ಎಲ್ಲಿದೆಯೋ ಗೊತ್ತಿಲ್ಲ. ಗ್ಯಾಸ್ ತೆಗೆಯಲು 800 ತೆಗೆದುಕೊಂಡವರು ಪೈಪ್ ಕತ್ತರಿಸಿ ಗಾಳಿಗೆ ಬಿಟ್ಟು ಕಂಪ್ರೆಸರ್ ಮಾರಿಕೊಂಡಿರುತ್ತಾರೆ, ನನಗೆ ಈಗ ಅದರಲ್ಲಿ ಅನುಮಾನ ಉಳಿದಿಲ್ಲ.

ಆ ಗಾಜನ್ನು ನಾನೂ ಮಗಳೂ ದಪ್ಪ ಗ್ಲೌಸ್ ಹಾಕಿಕೊಂಡು ಹೋಗಿ ಸಿಕ್ಕಷ್ಟು ಆರಿಸಿ, ರಟ್ಟಿನ ಡಬ್ಬದಲ್ಲಿ ತುಂಬಿ ತಂದೆವು. ಈಗ ಅದು ಮನೆಯಲ್ಲೇ ಇದೆ. ಮೈಸೂರಿನಲ್ಲಿ ನೋಂದಣಿ ನಂಬರ್ ತೋರಿಸಿ ಇದನ್ನು ತೆಗೆದುಕೊಳ್ಳುವವರು ಯಾರಾದರೂ ನಿಮಗೆ ನೇರವಾಗಿ ಗೊತ್ತಿದ್ದರೆ ತಿಳಿಸಿ. ನೀವೇ ಕೊಟ್ಟು, ರಸೀದಿ ಪಡೆದಿರಬೇಕು. ಯಾರೋ ಫಾರ್ವರ್ಡ್ ಮಾಡಿದ ನಂಬರ್ ಬೇಡ.

ನಿನ್ನೆ ನನ್ನ ಅಕ್ಕನಿಗೆ ಅವಳ ಬಡಾವಣೆ ಗುಂಪಿನಲ್ಲಿ ಅದೇ ಪೋಸ್ಟರ್ ಬಂದಿದೆ. ಅದೇ ಅರಮನೆ, ಅದೇ ಬರಹ, ಹೆಸರು ಮಾತ್ರ ಬೇರೆ. ಶನಿವಾರ ಬೆಳಗ್ಗೆ 10ಕ್ಕೆ ಶ್ರೀರಾಂಪುರಕ್ಕೆ ಬರುತ್ತಾರಂತೆ. ಬಿಳಿ ಟಾಟಾ ಏಸ್, ಬೂದು ಟೀಶರ್ಟು, ಹಸಿರು ಪಟ್ಟಿಯ ಕಾರ್ಡು. ಆ ಕಡೆ ನಿಮ್ಮವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ.