ಒಂಬತ್ತು ಸಾವಿರದ ಕಳೆ ಮಿಷನ್ನೋ, ಮೂವತ್ತೈದು ಸಾವಿರದ್ದೋ?

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಅಡಿಕೆ ತೋಟದ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ಆಳು ಸಿಗುವುದಿಲ್ಲ, ಮಿಷನ್ ತರೋಣ ಎಂದು ಪೇಟೆಗೆ ಹೋದರೆ ಅಂಗಡಿಯಲ್ಲಿ ಎರಡು ಸಾಲು. ಒಂದು ಕಡೆ 52 ಸಿಸಿಯ ಚೀನೀ ಟೂ ಸ್ಟ್ರೋಕ್, ಒಂಬತ್ತು ಸಾವಿರದ ಆಸುಪಾಸು. ಇನ್ನೊಂದು ಕಡೆ ಹೋಂಡಾದ ಯುಎಂಕೆ 435, ಸ್ಟಿಲ್‌ನ ಎಫ್‌ಎಸ್ 120 ಥರದವು. ರೇಟು ಮೂರು ನಾಲ್ಕು ಪಟ್ಟು. ಕೊಚ್ಚುವುದು ಅದೇ ಹುಲ್ಲು.

ಮೊದಲು ಸಿಸಿ ಲೆಕ್ಕವನ್ನು ತಲೆಯಿಂದ ತೆಗೆಯಿರಿ. ಹೆಚ್ಚಿನ ಚೀನೀ ಎಂಜಿನ್‌ಗಳದು 44 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 34 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡುವ ದೂರ), ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 51.7 ಸಿಸಿ ನಿಜವೇ. ಆದರೆ ಅಷ್ಟು ದೊಡ್ಡ ಸಿಲಿಂಡರಿನಿಂದ ಸಿಗುವುದು ಸುಮಾರು ಒಂದೂವರೆ ಕಿಲೋವ್ಯಾಟ್. ಎಫ್‌ಎಸ್ 120 ಬರೀ 30.8 ಸಿಸಿಯಲ್ಲಿ 1.3 ಕಿಲೋವ್ಯಾಟ್ ಕೊಡುತ್ತದೆ. ಯುಎಂಕೆ 435ರಲ್ಲಿರುವ ಹೋಂಡಾದ ಜಿಎಕ್ಸ್ 35 ಎಂಜಿನ್ ಫೋರ್ ಸ್ಟ್ರೋಕ್, 35.8 ಸಿಸಿ, ಸುಮಾರು 1 ಕಿಲೋವ್ಯಾಟ್. ಅಂದರೆ ಕೊಚ್ಚುವ ಬಲದಲ್ಲಿ ಅಗ್ಗದ್ದು ಹಿಂದೆ ಬೀಳುವುದಿಲ್ಲ, ಕಮ್ಯುನಿಸ್ಟ್ ಗಿಡದಂಥ ಗಟ್ಟಿ ಕಳೆಯ ಬುಡಕ್ಕೆ ಇಟ್ಟರೆ ಒಂದು ಕೈ ಮುಂದೆಯೇ. ಮೊದಲ ದಿನ ತಂದು ಓಡಿಸಿದವರು ‘ಇದಕ್ಕೇನಾಗಿದೆ, ಚೆನ್ನಾಗಿದೆಯಲ್ಲ’ ಎನ್ನುವುದು ಸುಳ್ಳಲ್ಲ.

ಹೆಚ್ಚಿನ ಹಣ ಹೋಗುವುದು ಬ್ಲೇಡಿಗಲ್ಲ, ಹಿಡಿದವನ ಕೈಗೆ. ಒಳ್ಳೆ ಮಿಷನ್‌ನಲ್ಲಿ ಎಂಜಿನ್ನಿಗೂ ಪೈಪಿಗೂ ನಡುವೆ, ಪೈಪಿಗೂ ಹ್ಯಾಂಡಲಿಗೂ ನಡುವೆ ನಡುಕ ಹೀರುವ ರಬ್ಬರು ಇರುತ್ತದೆ. ಅಗ್ಗದ ಎಷ್ಟೋ ಮಿಷನ್‌ಗಳಲ್ಲಿ ಹ್ಯಾಂಡಲನ್ನು ತೆಳು ರಬ್ಬರು ಸುತ್ತಿ ಪೈಪಿಗೆ ಕ್ಲ್ಯಾಂಪ್ ಮಾಡಿಬಿಟ್ಟಿರುತ್ತಾರೆ. ಯುರೋಪಿನ 2002ರ ನಿಯಮದಲ್ಲಿ ಕೈ ನಡುಕಕ್ಕೆ ಎಂಟು ಗಂಟೆ ಕೆಲಸದ ಮೇಲೆ ಎರಡು ಗೆರೆ ಎಳೆದಿದ್ದಾರೆ: 2.5 ದಾಟಿದರೆ ಮಾಲೀಕ ಎಚ್ಚರ ವಹಿಸಬೇಕು, 5 ದಾಟಲೇಬಾರದು (ಅಳತೆ ಮೀಟರ್ ಪ್ರತಿ ಸೆಕೆಂಡ್ ವರ್ಗ). ನಡುಕ ಎರಡು ಪಟ್ಟಾದರೆ ಹಿಡಿಯಬಹುದಾದ ಹೊತ್ತು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗಲೂ ಬೆರಳು ಜುಮ್ ಎನ್ನುತ್ತಿದ್ದರೆ ಅದು ಸುಸ್ತಲ್ಲ, ನರಕ್ಕೆ ಬಿದ್ದ ಪೆಟ್ಟು. ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ, ಅರ್ಧ ಆಕ್ಸಿಲರೇಟರ್‌ನಲ್ಲಿ ಎರಡು ನಿಮಿಷ ಹಿಡಿದು ನೋಡಿ. ಯಾವ ಕರಪತ್ರವೂ ಇಷ್ಟು ಹೇಳುವುದಿಲ್ಲ.

ಎರಡನೆಯದು ಬಿಡಿಭಾಗ. ಅಗ್ಗದ ಮಿಷನ್‌ನಲ್ಲಿ ಕೈಕೊಡುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಹಗ್ಗ ಎಳೆಯುವ ಸ್ಟಾರ್ಟರಿನ ಪ್ಲಾಸ್ಟಿಕ್ ಹಲ್ಲು, ಗಟ್ಟಿಯಾಗಿ ಬಿರಿಯುವ ಪೆಟ್ರೋಲ್ ಪೈಪು, ಕಾರ್ಬುರೇಟರಿನ ಡಯಾಫ್ರಾಮ್, ಬ್ಲೇಡು ತಿರುಗಿಸುವ ಗೇರ್ ಹೆಡ್ಡಿನ ಬೇರಿಂಗು. ಬೆನ್ನಿಗೆ ಹಾಕುವ ಮಾದರಿಯಾದರೆ ಬಾಗುವ ಪೈಪಿನೊಳಗಿನ ಕೇಬಲ್ಲೂ ಸೇರಿತು. ಅದನ್ನು ಚೂಪಾಗಿ ಬಗ್ಗಿಸಿ ಓಡಿಸಿದರೆ ತುಂಡಾಗದೆ ಬೇರೆ ದಾರಿಯಿಲ್ಲ. ಇವೆಲ್ಲ ಅಗ್ಗದ ಸಾಮಾನು, ಸಿಕ್ಕಿದರೆ ಅರ್ಧ ಗಂಟೆಯ ಕೆಲಸ. ತೊಂದರೆ ಏನೆಂದರೆ ಹೆಸರಿಲ್ಲದ ಮಾದರಿಗೆ ಜುಲೈ ತಿಂಗಳಲ್ಲಿ ಅದೇ ಅಳತೆಯದು ಸಿಗಬೇಕಲ್ಲ. ಅಗ್ಗದ್ದನ್ನೇ ಕೊಳ್ಳುವುದಾದರೆ 26 ಮಿ.ಮೀ. ಪೈಪು, ಒಂಬತ್ತು ಹಲ್ಲಿನ ಶಾಫ್ಟು, 25.4 ಮಿ.ಮೀ. ತೂತಿನ ಬ್ಲೇಡು ಇರುವುದನ್ನೇ ಆರಿಸಿ. ಮಾರ್ಕೆಟಿನಲ್ಲಿ ಹೆಚ್ಚು ಓಡಾಡುವ ಅಳತೆಗಳಿವು, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಮೂರು ಎಕರೆ ತೋಟ, ವರ್ಷಕ್ಕೆ ಮೂರು ಸಲ ಕೊಚ್ಚುವುದು, ದಿನಕ್ಕೆ ಒಂದು ಎಕರೆ, ಎಂಜಿನ್ ಓಡುವುದು ಐದು ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 45 ಗಂಟೆ. ಪೂರ್ತಿ ಎಳೆದಾಗ 52 ಸಿಸಿ ಗಂಟೆಗೆ ಲೀಟರಿನ ಹತ್ತಿರ ಕುಡಿಯುತ್ತದೆ, ಒಳ್ಳೆಯವು 700 ಮಿ.ಲೀ. ಸುತ್ತಮುತ್ತ. ಉಳಿತಾಯ ಹದಿಮೂರು ಲೀಟರ್ ಚಿಲ್ಲರೆ, ಅಂದರೆ ಒಂದೂವರೆ ಸಾವಿರ ರೂಪಾಯಿಯೂ ಇಲ್ಲ. ಇಪ್ಪತ್ತೈದು ಸಾವಿರದ ವ್ಯತ್ಯಾಸವನ್ನು ಪೆಟ್ರೋಲಿನಲ್ಲೇ ಮುರಿಯುತ್ತೇನೆ ಎಂದರೆ ಮೊಮ್ಮಕ್ಕಳ ಕಾಲಕ್ಕಾದೀತು. ಬಾಡಿಗೆಗೆ ಹೋಗುವವನ ಲೆಕ್ಕವೇ ಬೇರೆ. 150 ದಿನ, ದಿನಕ್ಕೆ ಐದು ಗಂಟೆ ಎಂದರೆ 750 ಗಂಟೆ. ಪೆಟ್ರೋಲಿನಲ್ಲೇ 225 ಲೀಟರ್ ಉಳಿಯಿತು, ಒಂದೇ ವರ್ಷದಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಹುಟ್ಟಿತು. ಮಿಷನ್ ಕೆಟ್ಟು ಮನೆಯಲ್ಲಿ ಕೂತ ದಿನಗಳ ಕೂಲಿ ಇದರಲ್ಲಿ ಸೇರಿಲ್ಲ.

ಹಾಗಾಗಿ ಸ್ವಂತ ಒಂದೆರಡು ಎಕರೆಗೆ 52 ಸಿಸಿಯೇ ಸಾಕು. ಉಳಿದ ಹಣದಲ್ಲಿ ಮೊದಲು ಎರಡೂ ಭುಜಕ್ಕೆ ಬರುವ, ಸೊಂಟಕ್ಕೆ ಪ್ಯಾಡಿರುವ ಬೆಲ್ಟು, ಮುಖಕ್ಕೆ ಜಾಲರಿ, ಮೊಣಕಾಲ ಕೆಳಗೆ ಗಾರ್ಡು ಕೊಳ್ಳಿ. ಮಿಷನ್ ಜೊತೆ ಬಿಟ್ಟಿ ಕೊಡುವ ಬೆಲ್ಟು ಚೀಲ ಕಟ್ಟಲು ಲಾಯಕ್ಕು. ನಾಲ್ಕು ಎಕರೆ ಮೇಲಿದ್ದರೆ, ಅಥವಾ ಹಿಡಿಯುವವರು ಅರವತ್ತು ದಾಟಿದವರಾದರೆ, ದುಬಾರಿಯದ್ದೇ ಸರಿ.

ಆದರೆ ದುಬಾರಿ ಮಿಷನ್ ಕೆಡುವುದಿಲ್ಲ ಎಂಬ ಭ್ರಮೆ ಬೇಡ. ಜಿಎಕ್ಸ್ 35ಕ್ಕೆ ಹಿಡಿಯುವ ಆಯಿಲ್ ಬರೀ 100 ಮಿ.ಲೀ. ಒಂದು ಸಣ್ಣ ಲೋಟದಷ್ಟು ಆಯಿಲ್‌ನಲ್ಲಿ ಇಡೀ ಎಂಜಿನ್ ಬದುಕಬೇಕು. ಮೊದಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಬದಲಿಸದಿದ್ದರೆ ಸವೆತ ಶುರು. ‘ಇನ್ನಷ್ಟು ಇರಲಿ’ ಎಂದು ಜಾಸ್ತಿ ಹಾಕಿದರೆ ಅದು ಏರ್ ಫಿಲ್ಟರಿಗೆ ಹತ್ತಿ ಬಿಳಿ ಹೊಗೆ. ಇದಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬಾರದು. ಟೂ ಸ್ಟ್ರೋಕಿಗೆ ಬೆರೆಸಲೇಬೇಕು: ಸ್ಟಿಲ್‌ನವರದೇ ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., 1:25 ಎಂದು ಬರೆದಿರುವ ಚೀನೀ ಎಂಜಿನ್ನಿಗೆ 40 ಮಿ.ಲೀ. ಮನೆಯಲ್ಲಿ ಎರಡೂ ಥರದ ಮಿಷನ್ ಇದ್ದರೆ ಕ್ಯಾನುಗಳ ಬಣ್ಣ ಬೇರೆ ಇರಲಿ. ಬರೀ ಪೆಟ್ರೋಲ್ ಬಿದ್ದ ಟೂ ಸ್ಟ್ರೋಕಿನ ಪಿಸ್ಟನ್ ಸೀಜ್ ಆಗಲು ಹೆಚ್ಚು ಹೊತ್ತು ಬೇಡ, ಆಗ ಮೂವತ್ತೈದು ಸಾವಿರದ್ದೂ ಒಂಬತ್ತು ಸಾವಿರದ್ದೂ ಒಂದೇ.

ಐಡಲಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಎಳೆದರೆ ಮೇಲೇಳುವುದಿಲ್ಲ ಎಂಬ ದೂರು ಬಂದರೆ ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಸೈಲೆನ್ಸರ್ ಬಿಚ್ಚಿ. ಕಿಡಿ ತಡೆಯುವ ಸಣ್ಣ ಜಾಲರಿ ಇದ್ದರೆ, ಆಯಿಲ್ ಜಾಸ್ತಿಯಾಗಿ ಅದಕ್ಕೆ ಮಸಿ ಕಟ್ಟಿರುವುದೇ ಹೆಚ್ಚು. ಕಬ್ಬಿಣದ ಬ್ರಷ್ಷಿನಲ್ಲಿ ಉಜ್ಜಿದರೆ ಮುಗಿಯಿತು. ಗೇರ್ ಹೆಡ್ಡಿನ ಪಕ್ಕದ ಬೋಲ್ಟನ್ನು 25 ಗಂಟೆಗೊಮ್ಮೆ ತೆಗೆದು ನೋಡಿ, ಒಳಗೆ ಗ್ರೀಸ್ ಕಾಣದಿದ್ದರೆ 5ರಿಂದ 10 ಗ್ರಾಂ ಒತ್ತಿ. ತುಂಬಿಸಿಬಿಡಬೇಡಿ, ಬಿಸಿಯಾಗಿ ಸೀಲ್ ಒಡೆದು ಹೊರಬರುತ್ತದೆ. ಬ್ಲೇಡಿನ ನಟ್ಟು ಸಾಮಾನ್ಯವಾಗಿ ಎಡಮರೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದು ಥ್ರೆಡ್ ಹಾರಿಸಿದವರು ಊರಿಗೊಬ್ಬರಿದ್ದಾರೆ.

ಕಾಳುಮೆಣಸು ಹಬ್ಬಿಸಿದ ಮರದ ಬುಡಕ್ಕೆ ಒಂದು ಅಡಿ ಸುತ್ತ ಬ್ಲೇಡೂ ಬೇಡ, ನೈಲಾನ್ ದಾರವೂ ಬೇಡ, ಕೈಯಲ್ಲೇ ಕೀಳಿ. ದಾರ ಮೃದು ಎಂದು ನಂಬಿದರೆ ಬಳ್ಳಿಯ ತೊಗಟೆ ಸುತ್ತ ಸುಲಿದು ಹದಿನೈದು ದಿನಕ್ಕೆ ಎಲೆ ಬಾಡುತ್ತದೆ. ಬ್ಲೇಡು ಎಡಕ್ಕೆ ಸುತ್ತುವುದರಿಂದ ಬಲದಿಂದ ಎಡಕ್ಕೆ ಬೀಸಿ, ಎಡಭಾಗದ ಅಂಚಿನಲ್ಲೇ ಕೊಚ್ಚಿ. ಬ್ಲೇಡಿನ ಮುಂಭಾಗದ ಬಲ ಅಂಚು ಕಲ್ಲಿಗೋ ಬೊಡ್ಡೆಗೋ ತಗುಲಿದರೆ ಮಿಷನ್ ಹಿಡಿದವನನ್ನೇ ತಿರುಗಿಸಿ ಎಸೆಯುತ್ತದೆ. ಹದಿನೈದು ಮೀಟರ್ ಒಳಗೆ ಯಾರೂ ನಿಲ್ಲಬಾರದು.

ಕೊನೆಯ ಸಲ ಕೊಚ್ಚಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಎಂಜಿನ್ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಅದು ಗಾಳಿಯ ತೇವ ಹೀರಿ, ನೀರು ಸೇರಿದ ಪದರವಾಗಿ ತಳಕ್ಕಿಳಿಯುತ್ತದೆ. ಮುಂದಿನ ಜೂನಿನಲ್ಲಿ ಹಗ್ಗ ಎಳೆದು ಎಳೆದು ತೋಳು ಸೋಲುವುದು ಇದರಿಂದಲೇ. ಮೂವತ್ತೈದು ಸಾವಿರದ್ದಾದರೆ ಕಾರ್ಬುರೇಟರ್ ಕಿಟ್ಟಿಗೂ ಹೆಚ್ಚು ತೆರಬೇಕಾಗುತ್ತದೆ, ಅಷ್ಟೆ.