ಮಂಡಿ ಸವೆತಕ್ಕೆ ಯಾವ ಕರೆಂಟು? ಐಎಫ್‌ಟಿ, ಟೆನ್ಸ್, ಇಎಮ್‌ಎಸ್ ಮೂರೂ ಹಾಕಿಸ್ಕೊಂಡು ನೋಡಿದೆ

ಮಂಡಿ ಸವೆತ ಅಂದ ತಕ್ಷಣ "ಕರೆಂಟ್ ಕೊಡಿಸ್ಕೊಳ್ರೀ" ಅಂತ ಎಲ್ರೂ ಹೇಳ್ತಾರೆ, ಯಾವ ಕರೆಂಟು ಅಂತ ಯಾರೂ ಹೇಳಲ್ಲ. ನನಗೆ ಎರಡೂ ಮಂಡಿ ಸವೆದಿದೆ, ಬಲಗಡೇದು ಜಾಸ್ತಿ, ಮೆಟ್ಟಿಲು ಹತ್ತೋದು ಹೆಂಗೋ ಆಗತ್ತೆ, ಇಳಿಯೋವಾಗ ಪ್ರಾಣ ಹೋಗತ್ತೆ. ಮೂರು ಥರದ ಕರೆಂಟೂ ನೋಡಾಯ್ತು.

ಫಿಜಿಯೋ ಹತ್ರ ಹೋದ್ರೆ ಮಂಡಿ ಸುತ್ತ ನಾಲ್ಕು ಪ್ಯಾಡ್ ಹಾಕಿ ಮಲಗಿಸ್ತಾರಲ್ಲ, ಅದು ಐಎಫ್‌ಟಿ. ಸುಮಾರು 4000 ಹರ್ಟ್ಜ್‌ನ, ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಏರಿಳಿಯೋ, ಎರಡು ಕರೆಂಟು, ನಡುವೆ ಸ್ವಲ್ಪ ವ್ಯತ್ಯಾಸ ಇಟ್ಟಿರ್ತಾರೆ, ಒಳಗೆ ಒಂದನ್ನೊಂದು ದಾಟೋ ಕಡೆ ಆ ವ್ಯತ್ಯಾಸದಷ್ಟು ಏರಿಳಿತ ಹುಟ್ಟತ್ತೆ. ಚುಚ್ಚಲ್ಲ, ಹಾಯಾಗಿರತ್ತೆ, ನಾನಂತೂ ಗೊರಕೆ ಹೊಡೆದಿದೀನಿ. ಎದ್ದಾಗ ಮಂಡಿ ಹಗುರ, ಸಾಯಂಕಾಲದ ಹೊತ್ತಿಗೆ ಮತ್ತೆ ಅದೇ ಕಥೆ. ದಿನಾ ಆಟೋ ಹಿಡಿದು ಹೋಗಿ ಬರೋ ಖರ್ಚು ಬೇರೆ.

ಟೆನ್ಸ್ ಅಂದ್ರೆ ಹೆಚ್ಚುಕಮ್ಮಿ ಅದೇ ಕೆಲಸವನ್ನ ಮನೇಲಿ ಮಾಡೋ ಪುಟ್ಟ ಮೆಷಿನ್ನು. 1965ರಲ್ಲಿ ಮೆಲ್ಜ್ಯಾಕ್, ವಾಲ್ ಅನ್ನೋ ಇಬ್ರು ಹೇಳಿದ ಗೇಟ್ ಥಿಯರಿ ಇದರ ಹಿಂದಿರೋದು: ಜುಮುಜುಮು ಅನ್ನೋ ಸಂದೇಶ ಬೆನ್ನುಹುರೀಲಿ ನೋವಿನ ಸಂದೇಶಕ್ಕೆ ಅಡ್ಡ ನಿಲ್ಲತ್ತೆ ಅಂತ. ಸೊಂಟಕ್ಕೆ ಸಿಗಿಸ್ಕೊಂಡು ನಿಂತು ಚಪಾತಿ ಲಟ್ಟಿಸಬಹುದು, ಅದೇ ದೊಡ್ಡ ಅನುಕೂಲ. ನೋವಿನ ಎಣ್ಣೆ ಹಚ್ಚಿದ ಕಾಲಿಗೆ ಮಾತ್ರ ಪ್ಯಾಡ್ ಅಂಟಲ್ಲ, ಸೋಪಲ್ಲಿ ತೊಳೆದು ಒರೆಸಿಯೇ ಹಾಕ್ಬೇಕು.

ಇಎಮ್‌ಎಸ್ ಪೂರ್ತಿ ಬೇರೆ ಜಾತಿ, ನೋವಿಗಲ್ಲ, ಕರೆಂಟಿಂದ ಸ್ನಾಯುವನ್ನ ಬಿಗಿ ಮಾಡ್ಸಿ ಕೆಲಸ ಮಾಡ್ಸಕ್ಕೆ. ಪ್ಯಾಡ್ ಹಾಕೋದೇ ಮಂಡಿಗಲ್ಲ, ತೊಡೆ ಮುಂಭಾಗಕ್ಕೆ. ಮಂಡಿ ನೋವಿದ್ದು ಊದಿಕೊಂಡ್ರೆ ನರವ್ಯೂಹವೇ ತೊಡೆ ಸ್ನಾಯುವಿಗೆ ಹೋಗೋ ಆರ್ಡರ್ ಕಮ್ಮಿ ಮಾಡಿಬಿಡತ್ತೆ, ಸ್ನಾಯು ಸೊರಗತ್ತೆ, ಆಮೇಲೆ ಇಳಿಯೋವಾಗ ಮೈಭಾರ ಹಿಡಿಯೋರು ಯಾರೂ ಇಲ್ದೆ ಮಂಡಿ ಮೇಲೇ ಬೀಳತ್ತೆ. ಇಎಮ್‌ಎಸ್ ಆ ಆರ್ಡರ್‌ಗೆ ಕಾಯದೆ ಹೊರಗಿಂದಾನೇ ನರವನ್ನ ತಟ್ಟಿ ಎಬ್ಬಿಸತ್ತೆ. ನನ್ನ ಮೆಷಿನ್ನಲ್ಲಿ 50 ಹರ್ಟ್ಜ್ ಇಟ್ಟಿದ್ರು, ಹತ್ತು ಸೆಕೆಂಡ್ ಎಳೆತ, ಆಮೇಲೆ ಅದಕ್ಕಿಂತ ಉದ್ದ ವಿಶ್ರಾಂತಿ, ಯಾಕಂದ್ರೆ ಈ ರೀತಿ ಎಬ್ಬಿಸಿದ ಸ್ನಾಯು ಬೇಗ ಸುಸ್ತಾಗತ್ತೆ. ಮೊದಲ ಸಲ ತೊಡೆ ತಂತಾನೇ ಗಟ್ಟಿಯಾಗಿ ಮಂಡಿ ಚಿಪ್ಪು ಮೇಲಕ್ಕೆ ಸರಿದಾಗ ಅಯ್ಯಯ್ಯೋ ಅಂತ ಕೂಗಿಬಿಟ್ಟೆ. ಆರಾಮಾಗಂತೂ ಇರಲ್ಲ, ಮಾರನೇ ದಿನ ತೊಡೆ ನೋವು ಗ್ಯಾರಂಟಿ, ಆವಾಗಿಂದಾವಾಗ್ಲೇ ಮಂಡಿ ನೋವು ಇಳಿಸೋ ವಿಷಯದಲ್ಲಿ ಟೆನ್ಸ್ ಮುಂದೆ ಇದು ಸೊನ್ನೆ. ಆದ್ರೆ ಬಲಗಾಲು ನೇರ ಮಾಡಿ ಎತ್ತಕ್ಕೇ ಆಗ್ತಿರ್ಲಿಲ್ವಲ್ಲ ನನಗೆ, ಬರ್ತಾ ಬರ್ತಾ ಎತ್ತಕ್ಕಾಯ್ತು.

ಇಲ್ಲಿ ಒಂದು ಗುಟ್ಟಿದೆ, ಸುಮ್ನೆ ಮಲ್ಕೊಂಡು ಮೆಷಿನ್ನಿಗೆ ಬಿಟ್ರೆ ಪ್ರಯೋಜನ ಕಮ್ಮಿ, ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಕರೆಂಟ್ ಬಂದಾಗ ನಾವೂ ಒತ್ತಬೇಕು. ಹಂಗಾದ್ರೆ ಗುಣ ಮೆಷಿನ್ನಿಂದಾನೋ ಒತ್ತಿದ್ದರಿಂದಾನೋ ಅಂತ ಕೇಳಿದ್ರೆ, ನನ್ನ ಅನುಮಾನ ಎರಡನೇದರ ಮೇಲೇ. ಸ್ವಂತವಾಗಿ ಕಾಲೆತ್ತಕ್ಕೆ ಬಂದ್ಮೇಲೆ ಇಎಮ್‌ಎಸ್ ಇದ್ರೂ ಇಲ್ದಿದ್ರೂ ವ್ಯತ್ಯಾಸ ಕಾಣಲಿಲ್ಲ, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಮುಂದುವರೆಸಿದೆ, ಮೆಟ್ಟಿಲು ಇಳಿಯೋದು ಸುಧಾರಿಸಿದ್ದು ಅದರಿಂದಾನೇ. ದೊಡ್ಡೋರ ಮಾತೂ ಹಂಗೇ ಇದೆ: ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಸವೆತಕ್ಕೆ ಟೆನ್ಸ್, ಐಎಫ್‌ಟಿ, ಇಎಮ್‌ಎಸ್ ಯಾವ್ದೂ ಕೊಡ್ಬೇಡಿ, ಪುರಾವೆ ಸಾಲದು, ವ್ಯಾಯಾಮ ಮಾಡ್ಸಿ ಅಂತು, ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲೇ ಮಂಡಿಗೆ ಟೆನ್ಸ್ ಬೇಡ ಅಂದಿತ್ತು. ನನಗೆ ಟೆನ್ಸ್ ಒಂದೆರಡು ಗಂಟೆ ಹಾಯ್ ಅನ್ಸೋದಂತೂ ನಿಜ, ಅದಕ್ಕೇ ಎಸೆದಿಲ್ಲ, ಅಷ್ಟೆ.

ಪೇಸ್‌ಮೇಕರ್ ಇರೋರು ಇವನ್ನ ಮುಟ್ಟಲೇಬೇಡಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿರೋರೂ ಅಷ್ಟೆ. ಶುಗರ್‌ನಿಂದ ಕಾಲು ಜೋಮು ಹಿಡಿದಿದ್ರೆ ಎಷ್ಟು ಏರಿಸಿದೀವಿ ಅಂತ ಗೊತ್ತಾಗದೆ ಚರ್ಮ ಸುಡಬಹುದು, ಡಾಕ್ಟರನ್ನ ಕೇಳಿ.

ಟೆನ್ಸ್ ಈಗ ಮದುವೆಮನೆಗೆ ಹೋಗಿ ಬಂದ ದಿನ ಮಾತ್ರ ಹೊರಗೆ ಬರತ್ತೆ. ಇಎಮ್‌ಎಸ್‌ನ ತಂಗಿಗೆ ಕೊಟ್ಟೆ, ಅವಳಿಗೆ ಮಂಡಿ ಬದಲಿಸೋ ಆಪರೇಷನ್ ಆಗಿದೆ, ಆಪರೇಷನ್ ಆದ ಹೊಸದ್ರಲ್ಲಿ ತೊಡೆ ಬಲ ವಾಪಸ್ ತರಕ್ಕೆ ಇದು ನಿಜಕ್ಕೂ ಉಪಯೋಗಕ್ಕೆ ಬರತ್ತೆ ಅಂತ ಅವಳ ಫಿಜಿಯೋನೇ ಹಾಕ್ಕೊಳ್ಳೋದು ಹೇಳ್ಕೊಟ್ರು. ಪ್ಯಾಡ್ ಮಾತ್ರ ಹೊಸದು ತಗೊಂಡ್ಲು.